ಮಂಜೂರಾತಿ ಪತ್ರದ ಮೂವತ್ತು ದಿನ

ನನ್ನ ಹೆಂಡತಿಯ ಕೊರಳಲ್ಲಿ ಗಂಟು ಕಾಣಿಸಿಕೊಂಡು ಏಳೆಂಟು ವರ್ಷವೇ ಆಗಿತ್ತು. ಮೊದಲು ಬಾರೀಹಣ್ಣಿನಷ್ಟಿದ್ದದ್ದು ಬರಬರುತ್ತ ನಿಂಬೆಹಣ್ಣಿನಷ್ಟಾಯಿತು. ಥೈರಾಯ್ಡ್ ಗಂಟು ಎಂದು ಸಿಂಧನೂರಿನ ಡಾಕ್ಟರು ಗುಳಿಗೆ ಬರೆದುಕೊಟ್ಟಿದ್ದರು. ದಿನಾ ಬೆಳಿಗ್ಗೆ ಗುಳಿಗೆ ನುಂಗಿ, ಸೆರಗನ್ನು ಕೊರಳ ಸುತ್ತ ಎಳೆದುಕೊಂಡು ಅವಳು ತನ್ನ ಕೆಲಸಕ್ಕೆ ಹತ್ತುತ್ತಿದ್ದಳು. ಆ ಗಂಟನ್ನು ಅವಳು ಮರೆತಿದ್ದಳು. ಮರೆಯದವನು ನಾನು.

ನನ್ನದು ಸಿಂಧನೂರಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟ ಪಂಪಿನ ಮೋಟಾರು ಬಿಚ್ಚಿ, ಕರಕಾದ ತಾಮ್ರದ ತಂತಿ ಕಿತ್ತು, ಹೊಸದು ಸುತ್ತಿಕೊಡುವುದು ನನ್ನ ಕೆಲಸ. ಭತ್ತದ ನಾಟಿ ಸುರುವಾಯಿತೆಂದರೆ ತುರ್ವಿಹಾಳ, ಮುಕ್ಕುಂದದ ಕಡೆಯಿಂದ ಬೈಕಿನ ಹಿಂದೆ ಮೋಟಾರು ಕಟ್ಟಿಕೊಂಡು ಜನ ಬರುತ್ತಾರೆ. ಮನೆ ಅಂಗಡಿಯ ಹಿಂದೆಯೇ ಇದೆ. ಊಟದ ಹೊತ್ತಾದರೆ ಹೆಂಡತಿ ಹಿತ್ತಿಲ ಬಾಗಿಲಲ್ಲಿ ನಿಂತು ಒಂದು ಕೂಗು ಹಾಕುತ್ತಿದ್ದಳು. ಗ್ರೈಂಡರಿನ ಸದ್ದನ್ನೂ ಸೀಳಿಕೊಂಡು ಬರುತ್ತಿತ್ತು ಆ ಕೂಗು. ಗಿರಾಕಿಗಳೇ ನಗುತ್ತ ಹೇಳುತ್ತಿದ್ದರು, "ಹೋಗ್ರಿ ಹೋಗ್ರಿ, ಮನ್ಯಾಗ ಕರ್ಯಾಕತ್ತಾರ."

ಅವಳ ತವರು ಮಸ್ಕಿ. ಓದಿದ್ದು ಐದನೇ ಇಯತ್ತೆ. ಆದರೆ ಸೋಬಾನ ಪದ ಎಷ್ಟು ಬರುತ್ತಿದ್ದವೆಂದು ಅವಳಿಗೂ ಲೆಕ್ಕವಿರಲಿಲ್ಲ. ಅರಿಷಿಣ ಹಚ್ಚುವುದಕ್ಕೊಂದು, ಬೀಗರನ್ನು ಆಡಿಕೊಳ್ಳುವುದಕ್ಕೊಂದು, ಹೆಣ್ಣು ಒಪ್ಪಿಸಿಕೊಡುವುದಕ್ಕೊಂದು. ಓಣಿಯ ಹೆಂಗಸರು ಮದುವೆಯ ಹಿಂದಿನ ದಿನವೇ ಬಂದು ಅವಳನ್ನು ಕರೆದೊಯ್ಯುತ್ತಿದ್ದರು. ಅವಳದು ತೆಳುವಾದ ಇಂಪಿನ ದನಿಯಲ್ಲ. ದಪ್ಪ ದನಿ, ಸ್ವಲ್ಪ ಒರಟು, ಆದರೆ ಎತ್ತಿದರೆ ಎಲ್ಲಿಯೂ ಒಡೆಯುತ್ತಿರಲಿಲ್ಲ. ಹಂದರದ ಇನ್ನೊಂದು ತುದಿಯಲ್ಲಿ ಗಂಡಸರ ಜೊತೆ ಕೂತ ನಾನು ಎಲೆ-ಅಡಿಕೆ ಜಗಿಯುತ್ತ, ಕೇಳಿಯೂ ಕೇಳದವನ ಹಾಗೆ ಇರುತ್ತಿದ್ದೆ. ಒಳಗೊಳಗೆ ಮಾತ್ರ ಹಿಗ್ಗುತ್ತಿದ್ದೆ.

ಒಂದು ದಿನ ಊಟ ಮಾಡುವಾಗ ಅವಳ ಗಂಟಲಲ್ಲಿ ರೊಟ್ಟಿ ಸಿಕ್ಕಿತು. ಕಣ್ಣು ಮೇಲೆ ಮಾಡಿದಳು. ಬೆನ್ನು ಗುದ್ದಿ ನೀರು ಕುಡಿಸಿದೆ. ಆಮೇಲೆ ಸರಿಯಾದಳು. ಮರುದಿನವೇ ರಾಯಚೂರಿಗೆ ಕರೆದುಕೊಂಡು ಹೋದೆ. ಸೂಜಿ ಚುಚ್ಚಿ ಪರೀಕ್ಷೆ ಮಾಡಿಸಿದ ಸರ್ಜನ್ ನಿಧಾನವಾಗಿ ಬಿಡಿಸಿ ಹೇಳಿದರು.

"ಕ್ಯಾನ್ಸರ್ ಅಲ್ಲ, ಹೆದರಬ್ಯಾಡ್ರಿ. ಆಪರೇಶನ್ ಮಾಡಿದರ ನುಂಗಲಿಕ್ಕೆ ಆರಾಮ ಆಗ್ತದ. ಈಗಲೇ ಮಾಡಬೇಕಂತ ಏನಿಲ್ಲ. ಆರು ತಿಂಗಳಿಗೊಮ್ಮೆ ತೋರಿಸ್ಕೋತ ಇರಬಹುದು. ವಿಚಾರ ಮಾಡಿ ಬರ್ರಿ."

ವಿಚಾರ ಮಾಡಲು ನಾನು ತಯಾರಿರಲಿಲ್ಲ. ಗಂಟಲಲ್ಲಿ ರೊಟ್ಟಿ ಸಿಕ್ಕ ಹೆದರಿಕೆ ಒಂದು ಕಾರಣ. ಇನ್ನೊಂದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಯಾವುದೋ ಮದುವೆಯ ಫೋಟೋದಲ್ಲಿ ಅವಳ ಸೆರಗು ಜಾರಿ ಗಂಟು ಎದ್ದು ಕಂಡಿತ್ತು. ಅದನ್ನು ನೋಡಿ ನೆಂಟನೊಬ್ಬ ನಗೆಯಾಡಿದ್ದ. ಅವಳಿಗೆ ಅದು ಗೊತ್ತಿಲ್ಲ. ನನಗೆ ನಾಚಿಕೆಯಾಗಿತ್ತು. ಅವಳ ಬಗ್ಗೆ ನಾಚಿಕೆಪಟ್ಟೆನಲ್ಲಾ ಎಂದು ಈಗ ಕೆಡುಕೆನಿಸುತ್ತದೆ.

ಆಪರೇಶನ್ ಸರ್ಕಾರಿ ಆರೋಗ್ಯ ಕಾರ್ಡಿನ ಮೇಲೆ ಆಗುತ್ತದೆಯೇ ಎಂದು ವಿಚಾರಿಸಿದೆ. ಅವಸರದ ಕೇಸಲ್ಲ, ಹೆಸರು ಹಚ್ಚಿ ಸರದಿ ಕಾಯಬೇಕು, ಯಾವಾಗ ಬರುತ್ತದೋ ಹೇಳಲಾಗದು ಎಂದರು. ಕಾಯುವುದು ಬೇಡವೆಂದು ಸಾಲಕ್ಕೆ ಓಡಾಡಿದೆ. ಮೊದಲು ನನ್ನ ಖಾತೆಯಿದ್ದ ಬ್ಯಾಂಕಿಗೆ ಹೋದೆ. ಅಲ್ಲಿಯ ಸಾಹೇಬರು ಕಂಪ್ಯೂಟರ್ ನೋಡಿ ತಲೆ ಅಲ್ಲಾಡಿಸಿದರು.

"ನಿಮ್ಮ ಸಿಬಿಲ್ ಸ್ಕೋರ್ ಭಾಳ ಕೆಳಗ ಐತ್ರಿ. ಹಿಂದ ಒಂದು ಸಾಲ ಸೆಟ್ಲ್‌ಮೆಂಟ್ ಮಾಡ್ಕೊಂಡೀರಿ."

"ಅದು ಮುಗದೈತ್ರಿ ಸಾಹೇಬ್ರ. ಫೈನಾನ್ಸಿನವರು ಕಾಗದನೂ ಕೊಟ್ಟಾರ."

"ಮುಗಿಯೋದು ಬ್ಯಾರೆ, ಪೂರಾ ತೀರಿಸೋದು ಬ್ಯಾರೆ ರೀ. ನೀವು ಕಡಿಮಿ ಕಟ್ಟಿ ಮುಗಿಸೀರಿ. ಅದು ಹಂಗ ಕಾಣ್ತೈತಿ."

ಲಾಕ್‌ಡೌನಿನಲ್ಲಿ ಅಂಗಡಿ ಮುಚ್ಚಿದ್ದಾಗ ಬೈಕಿನ ಕಂತುಗಳು ನಿಂತಿದ್ದವು. ಕೊನೆಗೆ ಫೈನಾನ್ಸಿನವರೇ ಫೋನು ಮಾಡಿ, ಇಷ್ಟು ಒಮ್ಮೆಗೇ ಕಟ್ಟಿದರೆ ಉಳಿದದ್ದು ಬಿಡುತ್ತೇವೆ ಎಂದಿದ್ದರು. ನನ್ನ ಪುಣ್ಯ ಎಂದುಕೊಂಡು ಕಟ್ಟಿದ್ದೆ. ಅವತ್ತು ಮನೆಗೆ ಜಿಲೇಬಿ ಒಯ್ದಿದ್ದೆ. ಆ ಮಾಫಿ ನನ್ನ ಹೆಸರಿನ ಮುಂದೆ ಇಷ್ಟು ವರ್ಷ ಕಲೆಯಾಗಿ ಉಳಿಯುತ್ತದೆಂದು ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಆಮೇಲೆ ಹೋದ ಎರಡು ಕಡೆಯೂ ಅದೇ ಮಾತು. ಸುಮ್ಮನೆ ಸುಮ್ಮನೆ ಅರ್ಜಿ ಹಾಕಿದರೆ ಸ್ಕೋರ್ ಇನ್ನೂ ಕೆಳಗೆ ಬೀಳುತ್ತದೆ ಎಂದು ಒಬ್ಬರು ಬೇರೆ ಹೆದರಿಸಿದರು.

ಕೊನೆಗೆ ಒಬ್ಬ ಗಿರಾಕಿ ಲಿಂಗಸುಗೂರಿನ ಒಂದು ಸಣ್ಣ ಫೈನಾನ್ಸಿನ ದಾರಿ ತೋರಿಸಿದ. ಬಸ್‌ಸ್ಟ್ಯಾಂಡಿನ ಹತ್ತಿರ, ಮೆಡಿಕಲ್ ಅಂಗಡಿಯ ಮೇಲಿನ ಮಾಳಿಗೆ. ಅಲ್ಲಿ ಕೂತಿದ್ದ ಹುಡುಗಿ ನನ್ನ ಕಾಗದಗಳನ್ನೆಲ್ಲ ಸಮಾಧಾನದಿಂದ ನೋಡಿದಳು. ನನ್ನ ಹೆಸರಿನ ಮೇಲಷ್ಟೇ ಆಗುವುದಿಲ್ಲ, ಪಗಾರ ಬರುವವರು ಯಾರಾದರೂ ಜಾಮೀನು ನಿಂತರೆ ನೋಡಬಹುದು ಎಂದಳು. ಬಡ್ಡಿ ಜಾಸ್ತಿ ಎಂದೂ ಮುಚ್ಚಿಡದೆ ಹೇಳಿದಳು.

ಪಗಾರ ಬರುವವನು ನಮ್ಮಲ್ಲಿ ಒಬ್ಬನೇ, ಹೆಂಡತಿಯ ತಮ್ಮ. ಮಸ್ಕಿಯಲ್ಲಿ ಸರ್ಕಾರಿ ಶಾಲೆಯ ಜವಾನ. ಅವನ ಮಗಳ ಮದುವೆ ಗೊತ್ತಾಗಿತ್ತು, ಇನ್ನು ಒಂದೂವರೆ ತಿಂಗಳಿತ್ತು. ಅಂಥ ಹೊತ್ತಿನಲ್ಲಿ ಕೇಳಲು ನನಗೆ ಮೋರೆ ಇರಲಿಲ್ಲ. ಆದರೂ ಹೋಗಿ ಕೇಳಿದೆ. ಅವನು ಒಂದಿಷ್ಟೂ ಹಿಂಜರಿಯಲಿಲ್ಲ.

"ಅಕ್ಕನ ಸಲುವಾಗಿ ಅಲ್ಲೇನು ಮಾವ? ಎಲ್ಲಿ ಸಹಿ ಮಾಡ್ಲಿ ಹೇಳು."

ಎಂಟು ದಿನಕ್ಕೆ ಮಂಜೂರಾಯಿತು. ಪತ್ರ ಕೈಗೆ ಕೊಡುವಾಗ ಆ ಹುಡುಗಿ ಒಂದು ಸಾಲಿನ ಮೇಲೆ ಬೆರಳಿಟ್ಟು ತೋರಿಸಿದಳು.

"ಇದು ಮೂವತ್ತು ದಿನ ಅಷ್ಟ ನಡೀತೈತ್ರಿ. ದವಾಖಾನಿಗೇ ನೇರ ರೊಕ್ಕ ಹೋಗ್ತಾವ. ಮೂವತ್ತು ದಿನ ದಾಟಿದರ ಮತ್ತ ಹೊಸದಾಗಿ ಅರ್ಜಿ ಹಾಕಬೇಕು. ಆವಾಗ ನಿಮ್ಮ ಸ್ಕೋರ್ ನೋಡಿ ಮ್ಯಾಲಿನವರು ಕೊಡ್ತಾರಂತ ನಾ ಹೇಳಾಕ ಬರಂಗಿಲ್ಲ."

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತ ಕೂತಿದ್ದಳು. ಕೈ ನಿಲ್ಲಿಸಿದಳು.

"ತಮ್ಮನ ಮಗಳ ಮದುವಿ ಆಗಲಿ ರೀ. ಆಮ್ಯಾಗ ಮಾಡಿಸಿದರಾತು. ನಾ ಹಾಡಬೇಕಂತ ಆ ಹುಡುಗಿ ಈಗಿಂದನ ಬೆನ್ನು ಹತ್ತೈತಿ."

"ಮದುವಿ ತನಕ ಪತ್ರ ಉಳ್ಯಾಂಗಿಲ್ಲ. ಮತ್ತ ಯಾರು ಕೊಡ್ತಾರ ನನಗ?"

"ಕೊಡದಿದ್ದರ ಬ್ಯಾಡ. ಡಾಕ್ಟರೇ ಅವಸರಿಲ್ಲ ಅಂದಾರ."

"ನಾಳೆ ಮತ್ತ ರೊಟ್ಟಿ ಸಿಕ್ಕರ? ನಾ ಅಂಗಡ್ಯಾಗ ಇರತೀನಿ, ನೀ ಒಬ್ಬಾಕಿ ಇರತಿ. ಎಷ್ಟು ಕಡೆ ಅಲದು ತಂದೀನಿ ಗೊತ್ತೈತೇನು ನಿನಗ? ನಿನ್ನ ತಮ್ಮ ಸಹಿ ಮಾಡ್ಯಾನ. ಅವನ ಮಾನಾನೂ ತಗೀತಿಯೇನು?"

ಕೊನೆಯ ಮಾತು ಆಡಬಾರದಿತ್ತು. ಪತ್ರದ ಅವಧಿ ಮುಗಿದರೆ ತಮ್ಮನ ಮಾನಕ್ಕೆ ಏನೂ ಆಗುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ. ಅವಳು ಮತ್ತೆ ಅಕ್ಕಿಗೆ ಕೈ ಹಾಕಿದಳು. ಕಲ್ಲೊಂದನ್ನು ಆರಿಸಿ ಎಸೆದು, "ಆತು, ಯಾವಾಗ ಹೋಗೂದು?" ಎಂದಳು.

ಆಪರೇಶನ್ನಿನ ಹಿಂದಿನ ದಿನ ಸರ್ಜನ್ ನಮ್ಮಿಬ್ಬರನ್ನೂ ಕೂಡಿಸಿಕೊಂಡು ಹೇಳಿದ್ದನ್ನು ನಾನು ಮರೆತಿಲ್ಲ. ದನಿಯ ನರ ಗಂಟಿಗೆ ಹತ್ತಿಕೊಂಡೇ ಹೋಗುತ್ತದೆ. ಎಷ್ಟೇ ಜಾಗ್ರತೆ ಮಾಡಿದರೂ ನೂರರಲ್ಲಿ ಒಬ್ಬಿಬ್ಬರಿಗೆ ದನಿ ಹೋಗಬಹುದು, ಬಹಳ ಮಂದಿಗೆ ತಾನಾಗಿ ತಿರುಗಿ ಬರುತ್ತದೆ. ಹೆಂಡತಿ ನನ್ನ ಕಡೆ ನೋಡಿದಳು. ನಾನು ಕಾಗದದ ಕಡೆ ನೋಡಿದೆ. ಪೆನ್ನು ತೆಗೆದುಕೊಂಡು ಸಹಿ ಮಾಡಿದೆ. ಪತ್ರ ಕೈಗೆ ಬಂದು ಅವತ್ತಿಗೆ ಇಪ್ಪತ್ತಾರನೆಯ ದಿನ.

ಎಚ್ಚರವಾದ ಮೇಲೆ ಅವಳು ನೀರು ಕೇಳಿದಳು. ಬಾಯಿ ಆಡಿತು, ದನಿ ಬರಲಿಲ್ಲ. ಬಂದದ್ದು ಬರೀ ಉಸಿರು, ಒಣ ಎಲೆ ಎಳೆದ ಹಾಗೆ. ನಾಲ್ಕು ದಿನದಲ್ಲಿ ಬರುತ್ತದೆ ಎಂದರು ನರ್ಸು. ಗಾಯ ಚೆನ್ನಾಗಿ ಮಾಯಿತು. ಕೊರಳು ನುಣ್ಣಗಾಯಿತು, ಅಡ್ಡಕ್ಕೆ ಒಂದು ತೆಳು ಗೀರು ಮಾತ್ರ. ಅನ್ನ, ರೊಟ್ಟಿ ಸಲೀಸಾಗಿ ಇಳಿಯತೊಡಗಿದವು. ದನಿ ಬರಲಿಲ್ಲ. ಸರ್ಜನ್ ಗಂಟಲಲ್ಲಿ ಸಣ್ಣ ಕ್ಯಾಮೆರಾ ಇಳಿಸಿ ನೋಡಿ, ನರಕ್ಕೆ ಪೆಟ್ಟಾಗಿ ಒಂದು ಕಡೆಯ ದನಿತಂತು ಅಲುಗಾಡುತ್ತಿಲ್ಲ, ಆರು ತಿಂಗಳು ಕಾಯೋಣ ಎಂದರು. ಅವರ ಮುಖವೂ ಸಣ್ಣಗಾಗಿತ್ತು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ದಾರಿಯೇ ಇರಲಿಲ್ಲ. ಎಲ್ಲವನ್ನೂ ಮೊದಲೇ ಹೇಳಿದ್ದರು.

ಮಸ್ಕಿಯ ಮದುವೆಗೆ ಹೋದೆವು. ಅರಿಷಿಣದ ಮುಂಜಾನೆ ಹೆಂಗಸರೆಲ್ಲ ಜಮಖಾನೆಯ ಮೇಲೆ ಕೂತು ಇವಳ ಮುಖವನ್ನೇ ನೋಡಿದರು. ವಿಷಯ ಅರ್ಧ ಮಂದಿಗೆ ಗೊತ್ತಿರಲಿಲ್ಲ. "ಪದ ಎತ್ತು ಯವ್ವಾ, ನೀ ಸುರು ಮಾಡು" ಎಂದಳೊಬ್ಬ ಮುದುಕಿ. ಹೆಂಡತಿ ಕೊರಳ ಗೀರು ಮುಟ್ಟಿ ತೋರಿಸಿ ಕೈಯಾಡಿಸಿದಳು. ಯಾರೋ ಬೇರೆಯವರು ಎತ್ತಿದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವಳ ತುಟಿಗಳು ಪದದ ಜೊತೆ ಆಡುತ್ತಿದ್ದವು, ಒಂದು ಅಕ್ಷರವೂ ತಪ್ಪದ ಹಾಗೆ. ಮದುಮಗಳು ಅರಿಷಿಣದ ಕೈಯಿಂದಲೇ ಅವಳನ್ನು ತಬ್ಬಿಕೊಂಡು, "ಅತ್ತೀ, ನನ್ನ ಮಗಳ ಮದುವ್ಯಾಗ ಹಾಡುವಂತಿ ಬಿಡು" ಎಂದು ಅತ್ತಳು. ಇವಳು ಅಳಲಿಲ್ಲ. ಹುಡುಗಿಯ ಕಣ್ಣು ಒರೆಸಿದಳು.

ಆರು ತಿಂಗಳು ಹೋಯಿತು, ವರ್ಷವೂ ಹೋಯಿತು. ಪಿಸುಮಾತು ಸ್ವಲ್ಪ ದಪ್ಪಗಾಯಿತು, ಅಷ್ಟೇ. ಊಟದ ಹೊತ್ತಿಗೆ ಈಗ ಅವಳು ಅಂಗಡಿಯ ತನಕ ನಡೆದು ಬಂದು ನನ್ನ ಭುಜ ಮುಟ್ಟುತ್ತಾಳೆ. ಕಂತು ಮಾತ್ರ ನಾನು ಒಂದೂ ತಪ್ಪಿಸಲಿಲ್ಲ. ಜಾಮೀನು ನಿಂತವನಿಗೆ ಒಂದು ಫೋನೂ ಹೋಗಬಾರದೆಂದು ತಾರೀಕಿಗೆ ಎರಡು ದಿನ ಮೊದಲೇ ಕಟ್ಟಿದೆ. ಕೊನೆಯ ಕಂತು ಮುಗಿದ ಮೇಲೆ ಲಿಂಗಸುಗೂರಿನಿಂದ ಫೋನು ಬಂತು. ನಿಮ್ಮ ಸ್ಕೋರ್ ಚಲೋ ಆಗೇತ್ರಿ, ಇನ್ನೂ ಹೆಚ್ಚಿನ ಸಾಲ ಕೊಡಬಹುದು ಎಂದರು. ಈಗ ಬ್ಯಾಡ ಎಂದೆ. ಫೋನು ಇಟ್ಟು ಸುಟ್ಟ ಮೋಟಾರೊಂದನ್ನು ಬಿಚ್ಚಲು ಕೂತೆ.

ಎರಡು ವರ್ಷವಾಯಿತು, ಅವಳು ನನಗೆ ಒಮ್ಮೆಯೂ "ನಾ ಬ್ಯಾಡ ಅಂದಿದ್ದೆ" ಎಂದಿಲ್ಲ. ಜಗಳದಲ್ಲೂ ಅಂದಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಮೊನ್ನೆ ಮಸ್ಕಿಯಲ್ಲಿ ಅದೇ ಹುಡುಗಿಯ ಕೂಸಿಗೆ ತೊಟ್ಟಿಲು ಹಾಕಿದರು. ಹೆಂಗಸರು ಹಳೆಯದೊಂದು ತೊಟ್ಟಿಲ ಪದ ಬೇಕೆಂದು ಹಟ ಹಿಡಿದರು. ಅದು ಇವಳೊಬ್ಬಳಿಗೇ ಗೊತ್ತು. ಇವಳು ಪಕ್ಕದವಳ ಕಿವಿಯಲ್ಲಿ ಒಂದೊಂದೇ ಸಾಲು ಉಸುರಿದಳು, ಆಕೆ ಎತ್ತಿ ಹೇಳಿದಳು. ಎರಡು ಸಾಲಾದ ಮೇಲೆ ಇವಳು ಆಕೆಯ ಮೊಣಕೈ ಹಿಡಿದು ತಡೆದಳು. "ಧಾಟಿ ಹಿಂಗಲ್ಲ" ಎಂದಳು. "ಮತ್ತ ಹೆಂಗ?" ಎಂದಳು ಆಕೆ. ಇವಳು ಬಾಯಿ ತೆರೆದಳು. ಉಸಿರು ಹೊರಟಿತು. ಕೈಯಿಂದ ಗಾಳಿಯಲ್ಲಿ ಏರು ತೋರಿಸಿದಳು, ಇಳಿವು ತೋರಿಸಿದಳು. ಆಕೆಗೆ ತಿಳಿಯಲಿಲ್ಲ. ಕೊನೆಗೆ ಇವಳೇ "ಇರಲಿ, ನಿಂಗ ಬಂದಂಗ ಹಾಡು" ಎಂದಳು.

ಸಂಜೆ ಸಿಂಧನೂರಿನ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಿದ್ದಳು. ನನಗೆ ತಡೆಯಲಾಗಲಿಲ್ಲ.

"ತಪ್ಪಾತು" ಎಂದೆ. "ಮದುವಿ ತನಕ ಕಾಯಬೇಕಾಗಿತ್ತು."

ಅವಳು ನನ್ನ ಕಡೆ ತಿರುಗಿ ಏನೋ ಹೇಳಿದಳು. ತುಟಿ ಆಡಿದ್ದು ಕಂಡಿತು. ಬಸ್ಸಿನ ಸದ್ದಿನಲ್ಲಿ ಮಾತು ಕೇಳಲಿಲ್ಲ. ಅಲ್ಲಿಯೇ ಮತ್ತೊಮ್ಮೆ ಕೇಳಲು ಧೈರ್ಯವಾಗಲಿಲ್ಲ. ಊರು ಬಂದು ಇಳಿದ ಮೇಲೆ, ನಿಲ್ದಾಣದ ಗೋಡೆಯ ಹತ್ತಿರ ನಿಂತು, "ಏನಂದಿ ಆವಾಗ?" ಎಂದೆ.

ಅವಳು ನನ್ನ ಕಿವಿಯ ಹತ್ತಿರ ಬಂದಳು.

"ಕಿಟಕಿ ಹಾಕ್ರಿ ಅಂದೆ. ಧೂಳು ಬರಾಕತ್ತಿತ್ತು."

ಚೀಲ ಹೆಗಲಿಗೇರಿಸಿಕೊಂಡು ಮುಂದೆ ನಡೆದಳು. ನನ್ನ ಮಾತು ಅವಳಿಗೆ ಕೇಳಿಸಿತ್ತೋ ಇಲ್ಲವೋ, ನನಗೆ ಗೊತ್ತಾಗಲಿಲ್ಲ.