ಖಾಲಿ ಪಟ್ಟಿಯ ಉತ್ತರ

ಬಸವಕಲ್ಯಾಣದ ನಮ್ಮ ಕಂಪ್ಯೂಟರ್ ಕ್ಲಾಸಿಗೆ ಹುಮನಾಬಾದಿನಿಂದ ಬರುವ ಜ್ಞಾನೇಶ್ವರ ಸರ್ ಊಟದ ಡಬ್ಬಿ ತೆರೆದರೂ ‘ರೊಟ್ಟಿ, ಪುಂಡಿಪಲ್ಯ ಮತ್ತು ಹಿಂಡಿ’ ಎಂದೇ ಓದುತ್ತಾರೆ. ಪಟ್ಟಿಯನ್ನು ವಾಕ್ಯ ಮಾಡುವ ಪ್ರೋಗ್ರಾಮಿನಲ್ಲಿ ಕೊನೆಯ ಹೆಸರಿಗೆ ಮೊದಲು ‘ಮತ್ತು’ ಬಿಟ್ಟವರಿಗೆ ಅವರಲ್ಲಿ ಕ್ಷಮೆಯಿಲ್ಲ. ಎಲ್ಲ ಸರಿಯಿದ್ದರೂ ‘ಖಾಲಿ ಪಟ್ಟಿ ಕೊಟ್ರ ಏನಂತದ?’ ಎಂದು ಕೆಣಕುತ್ತಾರೆ. ಮೊನ್ನೆ ಮೋರಖಂಡಿಯ ಪೂನಂ ಬರೆದ ಪ್ರೋಗ್ರಾಮು ಖಾಲಿ ಪಟ್ಟಿಗೆ ‘ಹೆಚ್ಚಾಗ್ಯಾವ’ ಎಂದಿತು. ಸರ್ ದಂಗಾದರು. ‘ಏನೂ ಇಲ್ಲದಾಗ ಹೆಚ್ಚ ಹ್ಯಾಂಗ ಆಗ್ತಾವ, ಪೂನಂ?’ ‘ಮನ್ಯಾಗ ಜ್ವಾಳ ತೀರಿದ್ರ ಇಲ್ಲ ಅನಬಾರದ್ರಿ ಸರ್, ಹೆಚ್ಚಾಗ್ಯಾವ ಅನಬೇಕು.’ ಸರ್ ಕುರ್ಚಿ ಎಳೆದು ಕೂತರು. ಆಮೇಲೆ ಅಂದರು: ‘ನಮ್ಮವ್ವ ಹಂಗಂದಾಗೆಲ್ಲ ಖರೇ ಅಂತ ತಿಳಿದು ನಾ ಇನ್ನೊಂದು ರೊಟ್ಟಿ ಕೇಳ್ತಿದ್ದೆ.’