ಅವ್ವನ ಕೈನೀರು ಕುಡಿದ ಮೋಟಾರು

ದೊಡ್ಡ ಮೋಟಾರು ಕೊಳ್ಳುವವರು ಇಂದಿಗೂ ನೋಡಲು ಗಂಡಸರನ್ನೇ ಕಟ್ಟಿಕೊಂಡು ಹೋಗುತ್ತಾರೆ. ಅವರು ಬಾನೆಟ್ ಎತ್ತಿ ಇಣುಕುತ್ತಾರೆ, ಟೈರಿಗೆ ಒದೆಯುತ್ತಾರೆ, ಎಲ್ಲ ತಿಳಿದವರಂತೆ ತಲೆಯಾಡಿಸುತ್ತಾರೆ. ನನ್ನನ್ನು ಕೇಳಿದರೆ ಅದು ಪರೀಕ್ಷೆಯೇ ಅಲ್ಲ. ಮನೆಯಲ್ಲಿ ಯಾರ ಮಂಡಿ ಹೆಚ್ಚು ನೋಯುತ್ತದೋ ಅವರನ್ನು ಮೊದಲು ಹತ್ತಿಸಿ ನೋಡಿ. ಈ ಮಾತಿಗೆ ನಕ್ಕವರು ಬೇಕಾದಷ್ಟು ಜನ. ನಗಲಿ.

ನಮ್ಮದು ಬಾಣಾವರದ ಹತ್ತಿರದ ತೆಂಗಿನ ತೋಟದ ಮನೆ. ನಾನಾಗ ಮದುವೆಯಾಗದ ಹುಡುಗಿ, ಬಾಯಿ ಜೋರೆಂದು ಊರಿಗೆಲ್ಲ ಗೊತ್ತು. ಬಿಕ್ಕೋಡಿನ ಕಡೆಯ ಕಾಫಿ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಿದ್ದ. ಅವನ ಮರದ ಮೈಯ ದೊಡ್ಡ ಮೋಟಾರು ಮಾರಾಟಕ್ಕಿತ್ತು. ಕೊಬ್ಬರಿ ಚೀಲವನ್ನೂ ಹೇರಬಹುದು, ಮನೆಮಂದಿಯೂ ಕೂರಬಹುದು ಎಂದು ಚಿಕ್ಕಪ್ಪ ಅಪ್ಪನ ತಲೆ ತಿಂದು ಒಪ್ಪಿಸಿದ್ದ.

ಅವ್ವನಿಗೆ ಅದರಲ್ಲಿ ಕಂಡದ್ದು ಅರೇಹಳ್ಳಿ ಒಂದೇ. ಅದು ಅವಳ ತವರು. ಮಂಡಿ ಹಿಡಿದುಕೊಂಡ ಮೇಲೆ ಎತ್ತಿನ ಗಾಡಿಯ ಕುಲುಕಾಟ ಅವಳಿಂದ ತಡೆಯಲಾಗುತ್ತಿರಲಿಲ್ಲ, ಬಸ್ಸಿನ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ತವರಿನ ದಾರಿ ತುಳಿದು ವರ್ಷಗಳೇ ಆಗಿದ್ದವು. ಅಲ್ಲಿ ಅಜ್ಜಿಯ ಕಣ್ಣು ಮಂಜಾಗುತ್ತಾ ಬಂದಿತ್ತು. ಮಗಳ ಮುಖ ಕಾಣುವಷ್ಟು ಬೆಳಕು ಇರುವಾಗಲೇ ಬಂದುಹೋಗು ಎಂದು ಹೇಳಿಕಳಿಸಿದ್ದಳು. ಅಪ್ಪ ಸುಗ್ಗಿ ಮುಗಿಯಲಿ ಎಂದ. ಸುಗ್ಗಿ ಮುಗಿದ ಮೇಲೆ ಬಿಸಿಲು ಇಳಿಯಲಿ ಎಂದ. ಅವ್ವ ಕೇಳುವುದನ್ನೇ ಬಿಟ್ಟಳು, ನನಗೆ ಮೈಯೆಲ್ಲ ಉರಿಯುತ್ತಿತ್ತು.

ದೊರೆಯ ಡ್ರೈವರ್ ಮೋಟಾರು ತಂದು ನಿಲ್ಲಿಸಿದ ದಿನ ಊರೇ ನೆರೆಯಿತು. ಚಿಕ್ಕಪ್ಪ ಎತ್ತಿನ ಬೆನ್ನು ಸವರುವಂತೆ ಅದರ ಮೈ ಸವರಿದ. ಸುಳಿ ಎಲ್ಲಿದೆ, ಹಲ್ಲು ಎಷ್ಟಿದೆ ಎಂದು ಪಕ್ಕದ ಮನೆಯವರು ಗೇಲಿ ಮಾಡಿದರು. ಹಳೇಬೀಡಿನ ಕೆರೆ ಏರಿಯವರೆಗೆ ಓಡಿಸಿ ನೋಡುವುದೆಂದಾಯಿತು. ಹಿಂದೆ ಕೊಬ್ಬರಿ ಚೀಲ ಹೇರಿದರು. ಹೆಂಗಸರನ್ನು ಯಾರೂ ಕರೆಯಲಿಲ್ಲ. ಅವ್ವನೂ ಬರಲಿ ಎಂದೆ ನಾನು.

"ಊರಿಗ್ ಬಂದೋಳು ನೀರಿಗ್ ಬರ್ದೇ ಇರ್ತಾಳಾ? ಮೊದ್ಲು ಮೋಟಾರು ಮನೆಗ್ ಬರ್ಲಿ, ಆಮೇಲೆ ಕೂತ್ಕೊಳ್ಳೋರಂತೆ," ಎಂದ ಚಿಕ್ಕಪ್ಪ.

ನಮ್ಮ ಮನೆಯಲ್ಲೊಂದು ಕಟ್ಟಳೆಯಿತ್ತು. ಎತ್ತಾಗಲಿ ಹಸುವಾಗಲಿ, ಕೊಳ್ಳುವ ಮುಂಚೆ ಅವ್ವ ಅಕ್ಕಿ ತೊಳೆದ ನೀರಿಗೆ ತವುಡು ಕಲಸಿದ ಕಲಗಚ್ಚನ್ನು ಅದರ ಮುಂದಿಡಬೇಕು. ಅದು ಮೂತಿಯಿಟ್ಟು ಕುಡಿದರೆ ವ್ಯಾಪಾರ ಕುದುರಿದಂತೆ. ಕುಡಿಯದಿದ್ದರೆ ತಂದವನು ಹೊಡೆದುಕೊಂಡು ಹೋಗಬೇಕು. ಅಪ್ಪ ಈ ಕಟ್ಟಳೆಯನ್ನು ಎಂದೂ ಮೀರಿದವನಲ್ಲ.

"ಎತ್ತಿಗೊಂದು ನ್ಯಾಯ, ಮೋಟಾರಿಗೊಂದು ನ್ಯಾಯವಾ ಚಿಕ್ಕಪ್ಪ? ಅವ್ವ ಒಪ್ಪದೆ ಈ ಮನೆಗೆ ಒಂದು ಕರನಾದ್ರೂ ಬಂದೈತಾ?" ಎಂದೆ. ನೆರೆದವರ ಎದುರು ಅಪ್ಪ ಇಲ್ಲವೆನ್ನುವಂತಿರಲಿಲ್ಲ. ಸೆರಗು ಹೊದ್ದು ಅವ್ವ ಹೊರಗೆ ಬಂದಳು.

ಆಗ ಮೋಟಾರಿನ ನಿಜವಾದ ಹುಳುಕು ಕಾಣಿಸಿತು. ಹಿಂದಿನ ಬಾಗಿಲು ಎದೆಯೆತ್ತರ. ಅಂಗಳದ ಒರಳುಕಲ್ಲನ್ನು ಉರುಳಿಸಿ ತಂದು ಮೆಟ್ಟಿಲು ಮಾಡಿ ಅವ್ವನನ್ನು ಹತ್ತಿಸಿ, ಅಪ್ಪನೂ ನಾನೂ ಅವಳ ಜೊತೆ ಹಿಂದೆಯೇ ಹತ್ತಿದೆವು. ಬೆಂಚು ಸೊಂಟದಗಲವೂ ಇರಲಿಲ್ಲ. ಕಾಲು ಚಾಚಲು ಕೊಬ್ಬರಿ ಚೀಲ ಅಡ್ಡ. ಹಳ್ಳ ಬಂದಾಗಲೆಲ್ಲ ಮೇಲಿನ ಹಲಗೆ ತಲೆಗೆ ಬಡಿಯುತ್ತಿತ್ತು. ಮುಂದೆ ಮೆತ್ತನೆಯ ಅಗಲವಾದ ಸೀಟಿನಲ್ಲಿ ಡ್ರೈವರ್ ಪಕ್ಕ ಚಿಕ್ಕಪ್ಪ ಒಬ್ಬನೇ ಕೂತು ಹಾರನ್ ಒತ್ತುತ್ತಿದ್ದ. ಜಾವಗಲ್ಲು ದಾಟಿದ ಮೇಲೆ, ಮೋಟಾರು ಹೆಂಗಿದೆ ಅತ್ತಿಗೆ ಎಂದು ಹಿಂದಕ್ಕೆ ತಿರುಗಿ ಕೇಳಿದ. ಅವ್ವ ಎರಡೂ ಕೈಯಿಂದ ಮಂಡಿ ಒತ್ತಿಕೊಳ್ಳುತ್ತಿದ್ದಳು.

ಹಳೇಬೀಡಿನ ಕೆರೆ ಏರಿ ಹತ್ತುವಾಗ ಮೋಟಾರು ಏದುಸಿರು ಬಿಟ್ಟು ನಿಂತಿತು. ಮೂತಿಯಿಂದ ಹಬೆ ಎದ್ದಿತು. ಭಾರ ಹೆಚ್ಚಾಗಿ ನೀರು ಕುದಿದಿದೆ, ಆರಿದ ಮೇಲೆ ತಣ್ಣೀರು ಹಾಕಿದರೆ ಸಾಕು ಎಂದ ಡ್ರೈವರ್. ಚಿಕ್ಕಪ್ಪ ಕೆರೆಯಿಂದ ಬಿಂದಿಗೆ ತುಂಬಿ ತಂದ. ಅಷ್ಟರಲ್ಲಿ ಅವ್ವ ನನ್ನ ಭುಜ ಹಿಡಿದು ಕೆಳಗಿಳಿದಿದ್ದಳು. ಬಿಂದಿಗೆ ಇಲ್ಲಿ ಕೊಡು ಎಂದಳು. ಡ್ರೈವರ್ ಗೋಣಿತಾಟಿನಲ್ಲಿ ಮುಚ್ಚಳ ಬಿಚ್ಚಿ ಸರಿದು ನಿಂತ. ಅವ್ವ ಎರಡೂ ಕೈಯಿಂದ ನಿಧಾನವಾಗಿ ನೀರು ಹೊಯ್ದಳು. ಮೋಟಾರು ಗಟಗಟನೆ ಕುಡಿಯಿತು.

ಖಾಲಿ ಬಿಂದಿಗೆಯನ್ನು ಚಿಕ್ಕಪ್ಪನ ಕೈಗಿತ್ತು, ಮುಂದಿನ ಬಾಗಿಲು ತೆರೆದು ನೋಡಿದಳು. ಅಲ್ಲಿ ಮೆಟ್ಟಿಲು ತಗ್ಗಿನಲ್ಲಿತ್ತು. ಯಾರ ಕೈಯನ್ನೂ ಹಿಡಿಯದೆ ಹತ್ತಿ ಕೂತು ಕಾಲು ಚಾಚಿದಳು.

"ನನ್ನ ಕೈಯಾರ ನೀರು ಕುಡಿದೈತೆ. ಇನ್ನ ಇದು ನಮ್ಮನೇದು. ಅರೇಹಳ್ಳಿಗೆ ನಡೀಲಿ," ಎಂದಳು.

ಮಾತುಕತೆಯೇ ಮುಗಿದಿಲ್ಲ ಅತ್ತಿಗೆ ಎಂದು ಚಿಕ್ಕಪ್ಪ ಗೊಣಗಿದ. ಅವ್ವ ರಸ್ತೆಯ ಕಡೆ ನೋಡುತ್ತಿದ್ದಳು. ಅಪ್ಪ ಅವಳನ್ನೊಮ್ಮೆ, ಬಿಂದಿಗೆಯನ್ನೊಮ್ಮೆ ನೋಡಿದ. ಕಟ್ಟಳೆ ಅವನದೇ ಅಪ್ಪನ ಕಾಲದ್ದು. ಹಿಂದೆ ಹೋಗಿ ಕೊಬ್ಬರಿ ಚೀಲದ ಮೇಲೆ ಕೂತ. ಚಿಕ್ಕಪ್ಪನೂ ಅಲ್ಲೇ ಹತ್ತಿದ, ಮೇಲಿನ ಹಲಗೆ ಅವನ ತಲೆಗೂ ಬಡಿಯಿತು. ನಾನು ನಗು ತಡೆದುಕೊಳ್ಳಲಿಲ್ಲ.

ಹೊತ್ತು ಇಳಿಯುವ ಮುಂಚೆ ಅರೇಹಳ್ಳಿ ಮುಟ್ಟಿದೆವು. ಅಜ್ಜಿ ಅವ್ವನನ್ನು ಜಗಲಿಯ ಬೆಳಕಿಗೆ ಎಳೆದು ತಂದು, ಮುಖವನ್ನು ಅಂಗೈಯಲ್ಲಿ ಹಿಡಿದು, ಬಹಳ ಹೊತ್ತು ನೋಡಿದಳು.

"ತಲೆ ನೆರೆತೈತಲ್ಲೇ ಮಗಳೇ," ಎಂದಳು.

ಅಲ್ಲಿಯವರೆಗೂ ಗಟ್ಟಿಯಾಗಿದ್ದ ಅವ್ವ ಆಗ ಬಿಕ್ಕಿಬಿಕ್ಕಿ ಅತ್ತಳು. ಅಜ್ಜಿಗೆ ಇನ್ನೂ ಕಾಣುತ್ತಿತ್ತು.