ಬಿರಡಪ್ಪನ ಹೆಸರು ಹೊತ್ತವರು

ಕಳೆದ ವಾರ ನಂಜನಗೂಡಿನ ಬಜಾರಿನಲ್ಲಿ ನಡೆಯುತ್ತಿದ್ದಾಗ ಒಂದು ಅಂಗಡಿಯಿಂದ ಇದ್ದಿಲು ಇಸ್ತ್ರಿಪೆಟ್ಟಿಗೆಯ ವಾಸನೆ ಬಂತು. ನೀರು ಚಿಮುಕಿಸಿದ ಬಟ್ಟೆಯ ಮೇಲೆ ಬಿಸಿ ಪೆಟ್ಟಿಗೆ ಎಳೆದಾಗ ಏಳುವ ವಾಸನೆ... ಊರಿನ ಟೈಲರಣ್ಣ ನೆನಪಾದರು.

ಮೂಗೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಅವರದು ಪಕ್ಕದ ಮನೆ. ಜಗುಲಿಯ ಮೇಲೆಯೇ ಹೊಲಿಗೆ ಮಿಷನ್ನು. ಧಾರಾಳದ ಮನುಷ್ಯ. ನಮ್ಮ ಲಂಗಗಳಿಗೆ ಒಳಗೆ ಬಟ್ಟೆ ಮಡಚಿ ಬಿಡುತ್ತಿದ್ದರು; ಮುಂದಿನ ವರ್ಷ ಅದನ್ನು ಬಿಚ್ಚಿ ಉದ್ದ ಮಾಡಿಕೊಟ್ಟರೆ ಕೂಲಿ ಕೇಳುತ್ತಿರಲಿಲ್ಲ. ಬಂದವರನ್ನು ಕಾಫಿ ಕುಡಿಸದೆ ಕಳಿಸಿದ್ದನ್ನು ನಾನು ನೋಡಿಲ್ಲ.

ಒಂದು ಬೇಸಿಗೆಯಲ್ಲಿ ಶಾಲೆಯ ಮೇಷ್ಟ್ರು ತಾವೇ ಬರೆದ ನಾಟಕವನ್ನು ಊರಿನವರಿಂದ ಆಡಿಸಿದರು. ಅದರಲ್ಲಿ ಬಿರಡಪ್ಪನೆಂಬ ಕಡುಜಿಪುಣ. ದೀಪಾವಳಿಗೆ ಬಂದ ಅಳಿಯನಿಗೆ ಎಣ್ಣೆ ಹಚ್ಚಬೇಕಾದಾಗ, ಸೀಸೆಯ ಬಿರಡೆ ಕಿತ್ತು, ಅದಕ್ಕೆ ಅಂಟಿದ ಜಿಡ್ಡನ್ನಷ್ಟೇ ಅವನ ನೆತ್ತಿಗೆ ಒತ್ತಿ, ಮತ್ತೆ ಬಿರಡೆ ಜಡಿದು, "ತಲೆ ಅಲ್ಲಾಡಿಸ್ಬ್ಯಾಡಿ ಅಳಿಯಂದ್ರೇ, ಎಣ್ಣೆ ಸೋರೋಯ್ತದೆ" ಅನ್ನುತ್ತಾನೆ.

ಆ ಪಾತ್ರ ಮಾಡಿದವರು ಟೈಲರಣ್ಣ. ಜನ ಬಿದ್ದು ಬಿದ್ದು ನಕ್ಕರು. ಸುತ್ತಲಿನ ಊರುಗಳಿಗೂ ಕರೆದೊಯ್ದು ಆಡಿಸಿದರು. ಮರುವರ್ಷದ ಹೊತ್ತಿಗೆ ನರಸೀಪುರದ ಕಡೆಯೆಲ್ಲ ಜಿಪುಣ ಅನ್ನುವುದನ್ನೇ ಬಿಟ್ಟರು. ಕೊಸರು ಹಾಕದ ತರಕಾರಿಯವಳು ಬಿರಡಪ್ಪ, ಚಿಟಿಕೆ ಕಾಫಿಪುಡಿ ಕೊಡದ ನೆರೆಯವಳು ಬಿರಡಪ್ಪ. ಟೈಲರಣ್ಣನ ಮನೆಯೂ ಬಿರಡಪ್ಪನ ಮನೆಯಾಯಿತು. ಮೊದಮೊದಲು ಅವರಿಗೂ ಹೆಮ್ಮೆಯೇ ಇತ್ತು.

ಅವರ ಮಗಳು ನನ್ನ ಓರಗೆಯವಳು, ಗೆಳತಿ. ಅವಳಿಗೆ ತಗಡೂರಿನಿಂದ ಒಳ್ಳೆಯ ಸಂಬಂಧ ಬಂತು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಒಪ್ಪಿದ್ದರು. ಆದರೆ ಹುಡುಗನ ಅಜ್ಜಿ ಯಾರಲ್ಲೋ ವಿಚಾರಿಸಿದರಂತೆ. "ಬಿರಡಪ್ಪನ ಮನೆ ಅಂತಾರಲ್ಲ, ಅಂಥೋರ ಸಂಬಂಧ ಬ್ಯಾಡ" ಎಂದು ಹೇಳಿಕಳಿಸಿದರು.

ಗೆಳತಿ ಊಟ ಬಿಟ್ಟಳು. ಅವಳ ತಾಯಿ ಜಗುಲಿಗೆ ಬಂದು ಗಂಡನಿಗೆ ಎಲ್ಲರೆದುರೇ ಅಂದರು: "ನೀವು ಕುಣಿದ್ರಿ, ಅನುಭವಿಸೋಳು ಮಗ್ಳು. ಆ ಹೆಸ್ರ ಕಿತ್ತಾಕಿ."

"ಕಿತ್ತಾಕಕ್ಕೆ ಅದೇನು ಗುಂಡಿಯೇನೇ?" ಎಂದರು ಟೈಲರಣ್ಣ. ಮಿಷನ್ನಿಗೆ ಬಟ್ಟೆ ಹೊದಿಸಿ ಒಳಗೆ ಹೋದರು.

ಮರುದಿನ ನಮ್ಮಪ್ಪನನ್ನು ಜೊತೆಗೆ ಕರೆದುಕೊಂಡು ತಗಡೂರಿಗೆ ಹೊರಟರು. ಅಲ್ಲಿ ನಡೆದದ್ದನ್ನು ಅಪ್ಪ ಹೇಳಿದ್ದಷ್ಟೇ ನನಗೆ ಗೊತ್ತು. ಅಜ್ಜಿ ಮುಖ ಕೊಟ್ಟು ಮಾತಾಡಲಿಲ್ಲವಂತೆ. ಟೈಲರಣ್ಣ ವಾದಕ್ಕೆ ಹೋಗಲಿಲ್ಲ. ಎಣ್ಣೆ ಸೀಸೆ ಕೇಳಿ ಇಸಕೊಂಡು, ಹುಡುಗನನ್ನು ನಡುಮನೆಯಲ್ಲಿ ಕೂರಿಸಿ, ಬೆನ್ನು ಬಾಗಿಸಿ, ಕಣ್ಣು ಕಿರಿದು ಮಾಡಿ ಬಿರಡಪ್ಪನಾದರಂತೆ. ಬಿರಡೆ ನೆತ್ತಿಗೆ ತಾಗಿದಾಗ ಹುಡುಗ ನಕ್ಕ. ಅಜ್ಜಿಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಆಮೇಲೆ ಟೈಲರಣ್ಣ ನೆಟ್ಟಗೆ ನಿಂತರು. "ಇವ್ನು ನಾಟ್ಕದೋನು ಕಣವ್ವ. ನಾನು ಬ್ಯಾರೆ. ಒಂದ್ಸಲ ನಮ್ಮನೇಗೆ ಬಂದು ಉಂಡು ನೋಡಿ" ಎಂದರು. ಎಣ್ಣೆ ಸೀಸೆಯನ್ನು ಅಜ್ಜಿಯ ಕೈಗೇ ವಾಪಸು ಕೊಟ್ಟರಂತೆ.

ಅಜ್ಜಿ ಬಂದರು, ಉಂಡರು. ಮದುವೆಯಾಯಿತು. ಆದರೆ ನಡುಮನೆಯ ಆ ಆಟ ತಗಡೂರಿನ ತುಂಬ ಹರಡಿ, ಬಿರಡಪ್ಪ ನಂಜನಗೂಡು ತಾಲ್ಲೂಕಿಗೂ ದಾಟಿದ. ಟೈಲರಣ್ಣ ಮತ್ತೆ ಯಾವ ನಾಟಕಕ್ಕೂ ಬಣ್ಣ ಹಚ್ಚಲಿಲ್ಲ. ಕೇಳಿದರೆ ಕಣ್ಣು ಮಂಜು, ಕಾಲು ನೋವು ಎಂದು ಏನೋ ಒಂದು ಹೇಳುತ್ತಿದ್ದರು... ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಮೇಷ್ಟ್ರೂ ಇಲ್ಲ. ನಾಟಕದ ಪ್ರತಿ ಯಾರಲ್ಲಿಯೂ ಉಳಿದಿಲ್ಲ.

ಕಳೆದ ವಾರ ಆ ಇಸ್ತ್ರಿಯ ವಾಸನೆ ಬಂದ ದಿನವೇ ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಗೆಳತಿ ಸಿಕ್ಕಳು. ಜೊತೆಗೆ ಮೊಮ್ಮಕ್ಕಳಿಬ್ಬರು. ಅಣ್ಣ ಚಿಪ್ಸ್ ಪೊಟ್ಟಣವನ್ನು ಎದೆಗವಚಿಕೊಂಡಿದ್ದ. ತಂಗಿ ಗೆಳತಿಯ ಸೆರಗು ಜಗ್ಗಿ, "ಅಜ್ಜೀ, ಇವ್ನು ಬಿರಡಪ್ಪ ಕಣಜ್ಜೀ" ಎಂದಿತು.

ಗೆಳತಿ ನನ್ನ ಮುಖ ನೋಡಿದಳು.

"ಬಿರಡಪ್ಪ ಅಂದ್ರೆ ಯಾರು ಪುಟ್ಟಿ?" ಎಂದು ಕೇಳಿದೆ.

"ಯಾರೂ ಅಲ್ಲ ಅಜ್ಜೀ. ಬಿರಡಪ್ಪ ಅಂದ್ರೆ ಜಿಪುಣ, ಅಷ್ಟೇ."